ಭೂಪಟದ ಪಾಠ ಮತ್ತು ಆಕರಸೂಚಿ

ಶೂನ್ಯಸಂಪಾದನೆಯಿಂದ ಒಂದು ಮಾತನ್ನು ಎತ್ತಿಕೊಂಡು ಅಡಿಟಿಪ್ಪಣಿಯಲ್ಲಿ 'ಶೂನ್ಯಸಂಪಾದನೆ' ಎಂದಷ್ಟೇ ಬರೆದ ವಿದ್ಯಾರ್ಥಿಯನ್ನು ಯಾವ ಪರೀಕ್ಷಕರೂ ಒಪ್ಪುವುದಿಲ್ಲ. ಅದು ಯಾರ ಸಂಕಲನ? ಶಿವಗಣಪ್ರಸಾದಿ ಮಹಾದೇವಯ್ಯನದೊ, ಹಲಗೆಯದೇವನದೊ, ಗುಮ್ಮಳಾಪುರದ ಸಿದ್ಧಲಿಂಗಯತಿಯದೊ, ಗೂಳೂರು ಸಿದ್ಧವೀರಣ್ಣೊಡೆಯನದೊ ಎಂದು ಕೇಳಿಯೇ ಕೇಳುತ್ತಾರೆ. ನಾಲ್ಕರ ಪಾಠವೂ ಒಂದೇ ಅಲ್ಲವಾದ್ದರಿಂದ ಈ ಪ್ರಶ್ನೆ ನ್ಯಾಯವಾದುದೇ ಆಗಿದೆ. ಓಲೆಯ ಪ್ರತಿಯಾದರೆ ಭಂಡಾರದ ಹೆಸರು, ಪ್ರತಿಯ ಸಂಖ್ಯೆ, ಗರಿಯ ಸಂಖ್ಯೆಗಳನ್ನೂ ಕೊಡಬೇಕೆಂಬುದು ನಮ್ಮಲ್ಲಿ ಬೇರೂರಿದ ಶಿಸ್ತು. ಆದರೆ ಶರಣರ ಸ್ಥಳಗಳನ್ನು ಕುರಿತ ಮಹಾಪ್ರಬಂಧಗಳ ಕೊನೆಯ ಪುಟಗಳನ್ನು ತಿರುವಿ ನೋಡಿದಾಗ, ಇಷ್ಟೆಲ್ಲ ಎಚ್ಚರ ವಹಿಸಿದ ಅದೇ ಕೈ 'ಭೂಪಟ: ಸರ್ವೆ ಆಫ್ ಇಂಡಿಯಾ' ಎಂಬ ಒಂದು ಸಾಲಿನಲ್ಲಿ ಕರ್ತವ್ಯವನ್ನು ಮುಗಿಸಿಬಿಟ್ಟಿರುವುದು ಕಾಣುತ್ತದೆ. ಕೆಲವೆಡೆ ಅಷ್ಟೂ ಇರುವುದಿಲ್ಲ. ನಕ್ಷೆಯ ಕೆಳಗೆ 'ಅಂತರ್ಜಾಲದಿಂದ' ಎಂದಿರುತ್ತದೆ.

ಈಗ ಸಂಶೋಧನ ವಿದ್ಯಾರ್ಥಿಗಳು ಆಕರಸೂಚಿಯನ್ನು ಕೈಯಿಂದ ಬರೆಯುವುದು ವಿರಳವಾಗಿದೆ. ಜೊಟೆರೊ, ಎಂಡ್‌ನೋಟ್ ಮೊದಲಾದ ತಂತ್ರಾಂಶಗಳು ಆ ಕಾರ್ಯವನ್ನು ನಿರ್ವಹಿಸುತ್ತಿವೆ. ಇದು ಸಂತೋಷದ ಸಂಗತಿ. ವಿಶೇಷವಾಗಿ ಜೊಟೆರೊ, ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ೨೦೦೬ರಲ್ಲಿ ಹೊರಬಂದದ್ದು, ಯಾರೂ ಹಣ ಕೊಡದೆ ಪಡೆಯಬಹುದಾದದ್ದು. ಬಡ ವಿದ್ಯಾರ್ಥಿಗೆ ಅದು ದೊಡ್ಡ ಉಪಕಾರ. ಆದರೆ ಯಂತ್ರ ಮಾಡಿಕೊಟ್ಟ ಸೂಚಿ ನಿರ್ದುಷ್ಟವೇ ಸರಿ ಎಂಬ ನಂಬಿಕೆಯೂ ಅದರೊಡನೆಯೇ ಬಂದಿದೆ. ಪುಸ್ತಕದ ಮಟ್ಟಿಗೆ ಈ ನಂಬಿಕೆ ಬಹುಮಟ್ಟಿಗೆ ನಡೆಯುತ್ತದೆ. ಭೂಪಟದ ಮಟ್ಟಿಗೆ ನಡೆಯುವುದಿಲ್ಲ. ಏಕೆ ನಡೆಯುವುದಿಲ್ಲ ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ಭೂಪಟಕ್ಕೂ ಪಾಠಭೇದಗಳಿವೆ, ಯಾವ ಪಾಠವನ್ನು ನೋಡಿದೆವೆಂದು ಹೇಳದ ಉಲ್ಲೇಖ ಉಲ್ಲೇಖವೇ ಅಲ್ಲ.

ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಬಸವಣ್ಣನವರ ಜೀವನದ ಸ್ಥಳಗಳನ್ನು ಗುರುತಿಸಹೊರಟ ವಿದ್ಯಾರ್ಥಿ ಬಸವನ ಬಾಗೇವಾಡಿ, ಕೂಡಲಸಂಗಮ, ಬಸವಕಲ್ಯಾಣಗಳ ಸ್ಥಳಾಕೃತಿ ಭೂಪಟಗಳನ್ನು, ಅಂದರೆ ಜನರು ಟೋಪೋ ಶೀಟು ಎನ್ನುವ ಹಾಳೆಗಳನ್ನು, ಹುಡುಕಬೇಕಾಗುತ್ತದೆ. ೧೭೬೭ರಲ್ಲಿ ಹುಟ್ಟಿದ ಸರ್ವೆ ಆಫ್ ಇಂಡಿಯಾ ಇಲಾಖೆ ಭಾರತವನ್ನೂ ನೆರೆಯ ದೇಶಗಳನ್ನೂ ನಾಲ್ಕು ಡಿಗ್ರಿ ಅಕ್ಷಾಂಶ, ನಾಲ್ಕು ಡಿಗ್ರಿ ರೇಖಾಂಶಗಳ ದೊಡ್ಡ ಚೌಕಗಳನ್ನಾಗಿ ವಿಂಗಡಿಸಿ ಒಂದೊಂದಕ್ಕೂ ಒಂದು ಸಂಖ್ಯೆಯನ್ನಿಟ್ಟಿತು. ಪ್ರತಿಯೊಂದು ದೊಡ್ಡ ಚೌಕದಲ್ಲಿ ಒಂದು ಡಿಗ್ರಿಯ ಹದಿನಾರು ಚೌಕಗಳು. ಅವಕ್ಕೆ ಎ ಮೊದಲ್ಗೊಂಡು ಪಿ ವರೆಗೆ ಇಂಗ್ಲಿಷ್ ಅಕ್ಷರಗಳು. ಅವುಗಳೊಳಗೆ ಮತ್ತೆ ಹದಿನೈದು ಮಿನಿಟುಗಳ ಹದಿನಾರು ಹಾಳೆಗಳು. ಈ ಲೆಕ್ಕದಲ್ಲಿ ಬಸವನ ಬಾಗೇವಾಡಿ ೪೭ ಪಿ/೧೪ನೆಯ ಹಾಳೆಯಲ್ಲಿ ಬರುತ್ತದೆ. ಕೂಡಲಸಂಗಮ ೫೬ ಡಿ/೪ರಲ್ಲಿ, ಬಸವಕಲ್ಯಾಣ ೫೬ ಸಿ/೧೩ರಲ್ಲಿ. ಬಾಗೇವಾಡಿಗೂ ಸಂಗಮಕ್ಕೂ ಇರುವ ಅಂತರ ಅಲ್ಪವಾದುದು. ಆದರೆ ಎಪ್ಪತ್ತಾರನೆಯ ಪೂರ್ವ ರೇಖಾಂಶ ಅವೆರಡರ ನಡುವೆ ಹಾದುಹೋಗುವುದರಿಂದ ಒಂದು ಊರು ನಲವತ್ತೇಳನೆಯ ಚೌಕದ ಕೊನೆಯಂಚಿಗೆ, ಇನ್ನೊಂದು ಐವತ್ತಾರನೆಯ ಚೌಕದ ಮೊದಲಂಚಿಗೆ ಸೇರಿದೆ. ಇದನ್ನರಿಯದೆ ಒಂದು ಹಾಳೆಯನ್ನು ತರಿಸಿಕೊಂಡು ಇನ್ನೊಂದು ಊರಿಗಾಗಿ ಅದರಲ್ಲಿ ತಡಕುವವರುಂಟು.

೨೦೦೫ರ ರಾಷ್ಟ್ರೀಯ ಭೂಪಟ ನೀತಿಯ ಅನಂತರ ಇಲಾಖೆ ಸಾರ್ವಜನಿಕರಿಗಾಗಿ ಮುಕ್ತ ಶ್ರೇಣಿ, ರಕ್ಷಣಾ ಕಾರ್ಯಕ್ಕಾಗಿ ರಕ್ಷಣಾ ಶ್ರೇಣಿ ಎಂದು ಎರಡು ಶ್ರೇಣಿಗಳನ್ನು ಪ್ರತ್ಯೇಕಿಸಿತು. ಮುಕ್ತ ಶ್ರೇಣಿಯ ಹಾಳೆಗಳಿಗೆ ಸಂಖ್ಯೆಯ ಕ್ರಮವೇ ಬೇರೆ. ಅಲ್ಲಿ ಬಾಗೇವಾಡಿಯೂ ಸಂಗಮವೂ ಇ೪೩ ಎಂಬ ಒಂದೇ ದೊಡ್ಡ ವಿಭಾಗದೊಳಗೆ ಬರುತ್ತವೆ. ಹಳೆಯ ಹಾಳೆಗಳು ಎವರೆಸ್ಟ್ ಗೋಳಮಾನವನ್ನೂ ಪಾಲಿಕೋನಿಕ್ ಪ್ರಕ್ಷೇಪವನ್ನೂ ಅವಲಂಬಿಸಿದ್ದುವು, ಹೊಸವು ಡಬ್ಲ್ಯು.ಜಿ.ಎಸ್. ೮೪ ಎಂಬ ಜಾಗತಿಕ ಮಾನವನ್ನು ಅನುಸರಿಸುತ್ತವೆ. ಒಂದರಿಂದ ತೆಗೆದ ಅಕ್ಷಾಂಶ ರೇಖಾಂಶಗಳನ್ನು ಇನ್ನೊಂದರ ಮೇಲೆ ಹಾಗೆಯೇ ಗುರುತಿಸಿದರೆ ಚುಕ್ಕಿ ಸ್ಥಾನಪಲ್ಲಟವಾಗುತ್ತದೆ. ಒಂದು ಮಠದ ನಿವೇಶನವನ್ನೊ, ಶಾಸನ ನಿಂತ ಹೊಲವನ್ನೊ ಗುರುತಿಸುವವನಿಗೆ ಆ ಪಲ್ಲಟ ಅಲ್ಪವಲ್ಲ. ಆದುದರಿಂದ ಹಾಳೆಯ ಸಂಖ್ಯೆ ಮಾತ್ರವಲ್ಲ, ಅದು ಯಾವ ಶ್ರೇಣಿಯ ಸಂಖ್ಯೆಯೆಂಬುದೂ ಉಲ್ಲೇಖದಲ್ಲಿ ಇರಲೇಬೇಕು.

ಇದಕ್ಕಿಂತ ಮಿಗಿಲಾದುದು ಕಾಲದ ಪ್ರಶ್ನೆ. ಕೃಷ್ಣಾ ಮಲಪ್ರಭೆಗಳು ಕೂಡುವ ಸಂಗಮಕ್ಷೇತ್ರ ಇಂದು ಕಾಣುವಂತೆ ಹಿಂದೆ ಇರಲಿಲ್ಲ. ೧೯೮೨ರಲ್ಲಿ ನಾರಾಯಣಪುರದ ಅಣೆಕಟ್ಟು ಸಿದ್ಧವಾಗಿ ಬಸವಸಾಗರದ ಹಿನ್ನೀರು ಮೇಲಕ್ಕೆ ಹಬ್ಬಿದ ಮೇಲೆ ಅಲ್ಲಿಯ ದಂಡೆಗಳು ಬದಲಾದುವು. ಐಕ್ಯಮಂಟಪ ನೀರಿನ ನಡುವೆ ಗೋಡೆಯ ರಕ್ಷಣೆಯಲ್ಲಿ ನಿಂತಿತು. ಅಣೆಕಟ್ಟಿಗೆ ಮುಂಚೆ ಮೋಜಣಿಯಾದ ಹಾಳೆಯಲ್ಲಿ ಇರುವುದು ಎರಡು ನದಿಗಳು ಸೇರುವ ಸ್ಥಳ. ಅನಂತರದ ಹಾಳೆಯಲ್ಲಿ ಇರುವುದು ಒಂದು ಜಲಾಶಯದ ಅಂಚು. ಎರಡಕ್ಕೂ ಹಾಳೆಯ ಸಂಖ್ಯೆ ೫೬ ಡಿ/೪ ಆಗಿರಬಹುದು. ವಚನಗಳಲ್ಲಿ ಬರುವ ಹೊಳೆ, ದಡ, ದಾರಿಗಳ ವರ್ಣನೆಯನ್ನು ಸ್ಥಳದೊಡನೆ ಹೋಲಿಸಿ ಒಂದು ನಿರ್ಣಯವನ್ನು ಮುಂದಿಡುವ ಪ್ರಬಂಧಕಾರ ಯಾವ ಹಾಳೆಯನ್ನು ಇದಿರಿಗಿಟ್ಟುಕೊಂಡಿದ್ದ? ಹೇಳದಿದ್ದರೆ ಅವನ ನಿರ್ಣಯವನ್ನು ಪರೀಕ್ಷಿಸಲು ಇನ್ನೊಬ್ಬನಿಗೆ ದಾರಿಯಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಸಿಕ್ಕ ಹಳೆಯ ಬಾಗಲಕೋಟೆಯ ಕೇರಿಗಳ ವಿಷಯದಲ್ಲಿಯೂ ಇದೇ ಮಾತು.

ಸ್ಥಳಾಕೃತಿ ಹಾಳೆಯ ಅಂಚಿನಲ್ಲಿ ಸಾಮಾನ್ಯವಾಗಿ ಎರಡು ಬಗೆಯ ವರ್ಷಗಳಿರುತ್ತವೆ: ಮೋಜಣಿಯಾದ ವರ್ಷ ಅಥವಾ ವರ್ಷಗಳು ಒಂದು, ಅಚ್ಚಾದ ವರ್ಷ ಇನ್ನೊಂದು. ಮೋಜಣಿ ಮೊದಲು, ಮುದ್ರಣ ಬಳಿಕ. ನಡುವೆ ಹಲವು ವರ್ಷಗಳು ಕಳೆದಿರಬಹುದು. ಮರುಮುದ್ರಣವಾದರೆ ಮೂರನೆಯ ವರ್ಷವೂ ಸೇರುತ್ತದೆ. ಭೂಮಿಯ ವಿಷಯದಲ್ಲಿ ಸಾಕ್ಷಿ ಹೇಳುವುದು ಮೋಜಣಿಯ ವರ್ಷ. ಹಾಳೆಯನ್ನು ಗುರುತಿಸಿಕೊಡುವುದು ಮುದ್ರಣದ ವರ್ಷ. ಒಂದು ಕೃತಿಯ ರಚನೆಯ ಕಾಲಕ್ಕೂ ಅದರ ಪ್ರತಿಯ ಲಿಪಿಕಾಲಕ್ಕೂ ಇರುವ ಭೇದವನ್ನು ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನು ತಂತ್ರಾಂಶದ ಕಡೆಗೆ ಬರೋಣ. ಜೊಟೆರೊದಲ್ಲಿ ಪುಸ್ತಕ, ಲೇಖನ, ಪ್ರಬಂಧ ಎಂಬಂತೆ ಆಕರಗಳ ಜಾತಿಯನ್ನು ಮೊದಲು ಆರಿಸಿಕೊಳ್ಳಬೇಕು. ಆ ಪಟ್ಟಿಯಲ್ಲಿ 'ಮ್ಯಾಪ್' ಎಂಬ ಪ್ರತ್ಯೇಕ ಜಾತಿಯಿದೆ. ಇದು ಎಲ್ಲೆಡೆಯೂ ಇರುವ ಸೌಲಭ್ಯವಲ್ಲ. ಗಣಿತ, ವಿಜ್ಞಾನದವರು ಬಹುವಾಗಿ ಬಳಸುವ, ೧೯೮೫ರಲ್ಲಿ ಹೊರಬಂದ ಬಿಬ್‌ಟೆಕ್ ಎಂಬ ಪದ್ಧತಿಯ ಮೂಲ ಜಾತಿಗಳಲ್ಲಿ ಭೂಪಟವೆಂಬುದೇ ಇಲ್ಲ. ಅದನ್ನು 'ಇತರ' ಎಂಬ ಗುಂಪಿಗೆ ತಳ್ಳಬೇಕಾಗುತ್ತದೆ. ಜೊಟೆರೊ ಹಾಗೆ ಮಾಡದೆ ಭೂಪಟಕ್ಕೆ ಅದರದೇ ಆಸನವನ್ನು ಕೊಟ್ಟಿದೆ. ಅದರ ನಮೂನೆಯಲ್ಲಿ ಶೀರ್ಷಿಕೆ, ಭೂಪಟದ ಬಗೆ, ಪ್ರಮಾಣ, ಶ್ರೇಣಿಯ ಹೆಸರು, ಆವೃತ್ತಿ, ಸ್ಥಳ, ಪ್ರಕಾಶಕರು, ದಿನಾಂಕ, ಭಾಷೆ, ಜಾಲವಿಳಾಸ, ನೋಡಿದ ದಿನ, ದಾಖಲಾಗಾರ, ಅಲ್ಲಿಯ ಸ್ಥಾನಸಂಖ್ಯೆ ಮುಂತಾದ ಕೋಶಗಳಿವೆ. ಕರ್ತೃವಿನ ಸ್ಥಾನದಲ್ಲಿ 'ಲೇಖಕ' ಎನ್ನದೆ 'ಕಾರ್ಟೊಗ್ರಾಫರ್', ಅಂದರೆ ಭೂಪಟಕಾರ, ಎಂದಿರುವುದೂ ಔಚಿತ್ಯದಿಂದ ಕೂಡಿದೆ.

ಪ್ರಮಾಣಕ್ಕೆ ಪ್ರತ್ಯೇಕ ಕೋಶವನ್ನಿಟ್ಟಿರುವುದು ಈ ನಮೂನೆಯ ಮುಖ್ಯವಾದ ಗುಣ. ಪ್ರಮಾಣವಿಲ್ಲದ ಭೂಪಟದಿಂದ ದೂರವನ್ನು ಅಳೆಯಲಾಗದು. ಹಳೆಯ ಒಂದು ಅಂಗುಲದ ಹಾಳೆಗಳಲ್ಲಿ ೧:೬೩,೩೬೦ ಎಂದರೆ ಒಂದು ಅಂಗುಲಕ್ಕೆ ಒಂದು ಮೈಲಿ. ಮೆಟ್ರಿಕ್ ಕ್ರಮದ ೧:೫೦,೦೦೦ ಎಂದರೆ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರು. ೧:೨,೫೦,೦೦೦ರ ಹಾಳೆಯಲ್ಲಿ ಅರ್ಧ ಕಿಲೋಮೀಟರೆಂಬುದು ಎರಡೇ ಮಿಲಿಮೀಟರು, ಪೆನ್ಸಿಲಿನ ಮೊನೆ ಮೊಂಡಾಗಿದ್ದರೆ ಅದರಲ್ಲೇ ಮುಚ್ಚಿಹೋಗುವಷ್ಟು. ಇಂಥ ಹಾಳೆಯನ್ನು ಹಿಡಿದು 'ಗುಡಿಯಿಂದ ಬಾವಿ ಇಷ್ಟು ಮಾರು' ಎಂದು ಬರೆಯುವವರ ಧೈರ್ಯವನ್ನು ಮೆಚ್ಚಬೇಕು. ಗಣಕಯಂತ್ರದ ತೆರೆಯ ಮೇಲೆ ಹಿಗ್ಗಿಸಿದಾಗ, ನೆರಳಚ್ಚಿನಲ್ಲಿ ಕುಗ್ಗಿಸಿದಾಗ ಈ ಅನುಪಾತ ನಿಜವಾಗಿ ಉಳಿಯುವುದಿಲ್ಲ. ಆದರೂ ಕೋಶದಲ್ಲಿ ಬರೆಯಬೇಕಾದುದು ಮೂಲ ಹಾಳೆಯ ಮೇಲೆ ಅಚ್ಚಾದ ಪ್ರಮಾಣವೇ. ಮೂಲದಲ್ಲಿ ಪ್ರಮಾಣ ಕೊಟ್ಟಿಲ್ಲವಾದರೆ ಕೋಶವನ್ನು ಬರಿದೆ ಬಿಡದೆ 'ಪ್ರಮಾಣ ಕೊಟ್ಟಿಲ್ಲ' ಎಂದು ನಮೂದಿಸುವುದು ಲೇಸು.

ಹಾಗಿದ್ದರೂ ಈ ನಮೂನೆಯನ್ನು ರಚಿಸಿದವರು ಭೂಪಟವನ್ನು ಪುಸ್ತಕದ ಕಣ್ಣಿನಿಂದಲೇ ನೋಡಿದ್ದಾರೆ ಎನ್ನದೆ ವಿಧಿಯಿಲ್ಲ. ನಾನು ನೋಡಿರುವ ಆವೃತ್ತಿಗಳಲ್ಲಿ ಶ್ರೇಣಿಯ ಹೆಸರಿಗೆ ಕೋಶವಿದೆ, ಹಾಳೆಯ ಸಂಖ್ಯೆಗೆ ಇಲ್ಲ. ಶ್ರೇಣಿಯ ಭೂಪಟಕ್ಕೆ ಹಾಳೆಯ ಸಂಖ್ಯೆಯೇ ಪ್ರಾಣ. ಅದಿಲ್ಲದೆ ಶ್ರೇಣಿಯ ಹೆಸರಿನಿಂದ ಆಗುವ ಪ್ರಯೋಜನ ಏನು? ಪ್ರಕ್ಷೇಪಕ್ಕೆ ಕೋಶವಿಲ್ಲ. ಮೋಜಣಿಯ ವರ್ಷಕ್ಕೆ ಕೋಶವಿಲ್ಲ, ದಿನಾಂಕ ಒಂದೇ. ಗ್ರಂಥಾಲಯದ ಸೂಚೀಕಾರರು ಈ ವಿಷಯದಲ್ಲಿ ಬಹಳ ಮುಂದೆ ಹೋಗಿದ್ದಾರೆ. ಆಂಗ್ಲೋ-ಅಮೆರಿಕನ್ ಸೂಚೀಕರಣ ನಿಯಮಗಳ ೧೯೭೮ರ ಎರಡನೆಯ ಆವೃತ್ತಿಯಲ್ಲಿ ಭೂಪಟಗಳಿಗೆ ಒಂದು ಇಡೀ ಅಧ್ಯಾಯವಿದೆ. ಪ್ರಮಾಣ, ಪ್ರಕ್ಷೇಪ, ಅಕ್ಷಾಂಶ ರೇಖಾಂಶಗಳಿಗೆ 'ಗಣಿತೀಯ ವಿವರ'ವೆಂಬ ಪ್ರತ್ಯೇಕ ವಲಯವೇ ಇದೆ. ಗಣಕಸೂಚಿಗಳ ಮಾರ್ಕ್ ಪದ್ಧತಿಯಲ್ಲಿಯೂ ಇವುಗಳಿಗಾಗಿಯೇ ೨೫೫ನೆಯ ಕ್ಷೇತ್ರವನ್ನು ಮೀಸಲಿಟ್ಟಿದ್ದಾರೆ. ಗ್ರಂಥಪಾಲಕರು ಇಷ್ಟು ಕಾಲದಿಂದ ಗುರುತಿಸಿಟ್ಟ ವಿವರವನ್ನು ಸಂಶೋಧಕನ ಆಕರಸೂಚಿ ಕೈಬಿಟ್ಟರೆ ಅದು ನಷ್ಟವೇ ಸರಿ.

ಕೋಶವಿಲ್ಲದ ವಿವರಗಳನ್ನು ಎಲ್ಲಿ ಬರೆಯಬೇಕು? ಹಾಳೆಯ ಸಂಖ್ಯೆಯನ್ನು ಶೀರ್ಷಿಕೆಯೊಳಗೇ ಸೇರಿಸುವುದು ಉತ್ತಮವೆಂದು ನನ್ನ ಅಭಿಪ್ರಾಯ. ಕೆಲವರು 'ಎಕ್ಸ್‌ಟ್ರಾ' ಎಂಬ ಹೆಚ್ಚುವರಿ ಕೋಶದಲ್ಲಿ ಶ್ರೇಣಿಸಂಖ್ಯೆಯ ಸಂಕೇತದೊಡನೆ ಅದನ್ನು ಬರೆಯಲು ಹೇಳುತ್ತಾರೆ. ಅದು ತಾಂತ್ರಿಕವಾಗಿ ಸಾಧುವಾದರೂ, ಉಲ್ಲೇಖಶೈಲಿ ಆ ವಿವರವನ್ನು ಅಚ್ಚಿಗೆ ತರುತ್ತದೆಂಬ ಭರವಸೆಯಿಲ್ಲ. ಶೀರ್ಷಿಕೆಯನ್ನಾದರೋ ಸೂಚಿಯಲ್ಲಿ ಯಾವ ಶೈಲಿಯೂ ಸಾಮಾನ್ಯವಾಗಿ ಬಿಡುವುದಿಲ್ಲ. ಮುದ್ರಿತವಾದ ಹೆಸರು, ಅದರ ಮುಂದೆ 'ಹಾಳೆ ೫೬ ಡಿ/೪' ಎಂದಿದ್ದರೆ ಓದುಗನಿಗೆ ತಡೆಯಿಲ್ಲ. ದಿನಾಂಕದ ಕೋಶದಲ್ಲಿ ತಾನು ನೋಡಿದ ಮುದ್ರಣದ ವರ್ಷವನ್ನೂ, ಆವೃತ್ತಿಯ ಕೋಶದಲ್ಲಿ ಅದು ಎಷ್ಟನೆಯ ಆವೃತ್ತಿಯೆಂಬುದನ್ನೂ ನಮೂದಿಸಬೇಕು. ಮೋಜಣಿಯ ವರ್ಷ ಅಡಿಟಿಪ್ಪಣಿಗೆ ಸೇರಿದ್ದು. ಉಲ್ಲೇಖವನ್ನು ಸೇರಿಸುವಾಗ ತಂತ್ರಾಂಶ ಪುಟಸಂಖ್ಯೆಯ ಜೊತೆಗೆ ಉಲ್ಲೇಖದ ಹಿಂದೆ ಮುಂದೆ ನಮ್ಮ ಮಾತನ್ನು ಸೇರಿಸಲು ಅವಕಾಶ ಕೊಡುತ್ತದೆ. ಭೂಪಟಕ್ಕೆ ಪುಟವಿಲ್ಲವಾದ್ದರಿಂದ ಆ ಅವಕಾಶವನ್ನೇ ಬಳಸಿಕೊಂಡು 'ಮೋಜಣಿ ಇಂಥ ವರ್ಷದ್ದು, ಇಂಥ ಚೌಕದಲ್ಲಿ' ಎಂದು ಬರೆಯಬಹುದು.

ಕರ್ತೃವಿನ ಹೆಸರಿನಲ್ಲಿ ಯಂತ್ರ ಮಾಡುವ ಅವಾಂತರವೊಂದಿದೆ. ವ್ಯಕ್ತಿಯ ಹೆಸರಿಗೆ ಮನೆತನದ ಹೆಸರು, ಸ್ವಂತ ಹೆಸರು ಎಂದು ಎರಡು ಭಾಗಗಳನ್ನು ಅದು ಕೇಳುತ್ತದೆ. ಸಂಸ್ಥೆಯ ಹೆಸರನ್ನೂ ಹಾಗೆಯೇ ಒಡೆದು ತುಂಬಿದರೆ ಸೂಚಿಯಲ್ಲಿ 'ಇಂಡಿಯಾ, ಸರ್ವೆ ಆಫ್' ಎಂದು ಅಚ್ಚಾಗುತ್ತದೆ! ದೇಶಕ್ಕೆ ದೇಶವೇ ಒಂದು ಮನೆತನವಾಗಿಬಿಡುತ್ತದೆ. ಹೆಸರಿನ ಬದಿಯಲ್ಲಿರುವ ಗುಂಡಿಯನ್ನೊತ್ತಿ ಎರಡು ಭಾಗಗಳನ್ನು ಒಂದು ಮಾಡಿಕೊಂಡರೆ ಈ ದೋಷ ನೀಗುತ್ತದೆ. ಭೂಪಟಕಾರನೂ ಪ್ರಕಾಶಕನೂ ಒಂದೇ ಇಲಾಖೆಯಾದಾಗ ಹೆಸರು ಎರಡು ಬಾರಿ ಬರುವುದು ಇನ್ನೊಂದು ತೊಡಕು. ಅಮೆರಿಕದ ಮನಶ್ಶಾಸ್ತ್ರ ಸಂಘದ ಎ.ಪಿ.ಎ. ಶೈಲಿ ಪ್ರಕಾಶಕರ ಹೆಸರನ್ನು ಅಲ್ಲಿ ಬಿಡಬೇಕೆನ್ನುತ್ತದೆ. ಅದೇ ಶೈಲಿಯ ಏಳನೆಯ ಆವೃತ್ತಿಯಂತೆ ಶೀರ್ಷಿಕೆಯ ಮುಂದೆ ಚೌಕಕಂಸದಲ್ಲಿ ಭೂಪಟವೆಂಬ ಪದವನ್ನು ಸೇರಿಸಬೇಕು. ಪ್ರಮಾಣ ಅಚ್ಚಾಗುವುದೂ ಬಿಡುವುದೂ ಆರಿಸಿಕೊಂಡ ಶೈಲಿಯನ್ನು ಅವಲಂಬಿಸಿದೆ. ಕೋಶದಲ್ಲಿ ತುಂಬಿದ ಮಾತ್ರಕ್ಕೆ ಸೂಚಿಯಲ್ಲಿ ಬಂತೆಂದು ಭಾವಿಸಬಾರದು. ಸಿದ್ಧವಾದ ಸೂಚಿಯನ್ನು ಮೂಲ ಹಾಳೆಯ ಅಂಚಿನೊಡನೆ ಒಮ್ಮೆ ಓದಿ ತಾಳೆ ನೋಡುವುದು ಅಗತ್ಯ. ಹಸ್ತಪ್ರತಿಯ ಕೆಲಸ ಮಾಡಿದವರಿಗೆ ಇದು ಹೊಸತಲ್ಲ.

ಶೀರ್ಷಿಕೆಯಲ್ಲಿಯೂ ಅಂಚಿನ ವಿವರಗಳಲ್ಲಿಯೂ ಊರು ಜಿಲ್ಲೆಗಳ ಹೆಸರುಗಳನ್ನು ಅಚ್ಚಾಗಿರುವಂತೆಯೇ ಉಳಿಸಿಕೊಳ್ಳಬೇಕೆಂಬುದು ನನ್ನ ಇನ್ನೊಂದು ಆಗ್ರಹ. ಬಿಜಾಪುರ ೨೦೧೪ರಲ್ಲಿ ವಿಜಯಪುರವಾಯಿತು. ಕೂಡಲಸಂಗಮ ಬಿಜಾಪುರ ಜಿಲ್ಲೆಯಲ್ಲಿದ್ದದ್ದು, ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆ ರಚನೆಯಾದಾಗ ಅದಕ್ಕೆ ಸೇರಿತು. ೧೯೫೬ಕ್ಕೆ ಮೊದಲು ಆ ಭಾಗ ಮುಂಬಯಿ ರಾಜ್ಯಕ್ಕೂ ಬಸವಕಲ್ಯಾಣದ ಭಾಗ ಹೈದರಾಬಾದಿಗೂ ಸೇರಿದ್ದುವು. ಹಳೆಯ ಹಾಳೆಯ ಹೆಸರನ್ನು ಇಂದಿನ ಹೆಸರಿಗೆ ತಿದ್ದಿ ನಮೂದಿಸುವವನು ಪಾಠವನ್ನೇ ತಿದ್ದಿದಂತಾಗುತ್ತದೆ. ಅಂಥ ತಿದ್ದಿದ ಹೆಸರಿನಿಂದ ಗ್ರಂಥಾಲಯದಲ್ಲಿ ಹುಡುಕಿದರೆ ಹಾಳೆ ದೊರೆಯುವುದೂ ಇಲ್ಲ. ಇಂದಿನ ಹೆಸರು ಬೇಕಾದರೆ ಟಿಪ್ಪಣಿಯಲ್ಲಿ ಬರಲಿ.

ಪುಸ್ತಕದೊಡನೆ ಬಂದ ಭೂಪಟದ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಜೇಮ್ಸ್ ರೆನಲ್ಲನ ಹಿಂದೂಸ್ತಾನದ ಭೂಪಟ ೧೭೮೨ರದು. ಅದನ್ನು ವಿವರಿಸುವ 'ಮೆಮ್ವಾರ್' ಎಂಬ ಗ್ರಂಥ ಮರುವರ್ಷ ಬಂದಿತು. ಮುಂದೆ ೧೭೮೮ರಲ್ಲಿ ಭೂಪಟವೂ ಗ್ರಂಥವೂ ಬೇರೆ ರೂಪದಲ್ಲಿ ಹೊರಟುವು. ಎರಡೂ ಬೇರೆ ಬೇರೆ ಕೃತಿಗಳು. ಭೂಪಟದಲ್ಲಿ ಕಂಡ ಊರಿನ ಹೆಸರಿಗೆ ಗ್ರಂಥವನ್ನು ಉಲ್ಲೇಖಿಸುವುದು ಸಲ್ಲದು. ಗ್ರಂಥದ ವಾದಕ್ಕೆ ಭೂಪಟವನ್ನು ಸಾಕ್ಷಿ ಮಾಡುವುದೂ ಸಲ್ಲದು. ಆದರೆ ಗ್ಯಾಸೆಟಿಯರಿನ ಪುಟಗಳ ನಡುವೆ ಹೊಲಿದ ನಕ್ಷೆಯ ರೀತಿ ಬೇರೆ. ಅದಕ್ಕೆ ಆ ಗ್ರಂಥವೇ ಆಶ್ರಯ. ಜೊಟೆರೊದ ಭೂಪಟ ನಮೂನೆಯಲ್ಲಿ ಆಶ್ರಯಗ್ರಂಥದ ಹೆಸರಿಗೆ ಕೋಶವಿಲ್ಲವಾದ್ದರಿಂದ ಅಂಥದನ್ನು 'ಪುಸ್ತಕದ ಅಧ್ಯಾಯ' ಎಂಬ ಜಾತಿಯಲ್ಲಿ ನಮೂದಿಸಿ, ಶೀರ್ಷಿಕೆಯಲ್ಲಿ 'ಭೂಪಟ' ಎಂದು ಸೂಚಿಸಿ, ಯಾವ ಪುಟದ ಇದಿರಿಗಿದೆ ಎಂಬುದನ್ನು ಕೊಡುವುದೇ ಸರಿ. ಇದು ವ್ಯಾಕರಣಶುದ್ಧವಲ್ಲ, ನಿಜ. ಓದುಗನನ್ನು ಮಾತ್ರ ಸರಿಯಾದ ಪುಟಕ್ಕೆ ಮುಟ್ಟಿಸುತ್ತದೆ.

ಕೈಬರಹದ ಭೂಪಟಗಳಿಗೆ ದಾಖಲಾಗಾರದ ಕೋಶಗಳೇ ಮುಖ್ಯ. ಟಿಪ್ಪುವಿನ ಪತನಾನಂತರ ಕಾಲಿನ್ ಮೆಕೆಂಜಿ ನಡೆಸಿದ ಮೈಸೂರು ಮೋಜಣಿಯ ಸಾಮಗ್ರಿಯನ್ನು ನೋಡುವವರು ಇದನ್ನು ಮರೆಯಬಾರದು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸಿನ ಭೂಪಟಗಳಿಗೆ ಅಲ್ಲಿಯದೇ ಸಂಖ್ಯೆಗಳಿವೆ. ಆ ಸಂಖ್ಯೆಯಿಲ್ಲದೆ 'ಮೆಕೆಂಜಿಯ ಭೂಪಟ' ಎಂದರೆ ಯಾರಿಗೂ ಏನೂ ತಿಳಿಯದು.

ಜಾಲದಿಂದ ಇಳಿಸಿಕೊಂಡ ಹಾಳೆಗಳ ವಿಷಯಕ್ಕೆ ಹೆಚ್ಚು ಮಾತು ಬೇಡ. ಸರ್ವೆ ಆಫ್ ಇಂಡಿಯಾ ೨೦೧೭ರಲ್ಲಿ 'ನಕ್ಷೆ' ಎಂಬ ಜಾಲತಾಣದ ಮೂಲಕ ಮುಕ್ತ ಶ್ರೇಣಿಯ ಹಾಳೆಗಳನ್ನು ಒದಗಿಸತೊಡಗಿದ ಮೇಲೆ ಹಾಳೆ ಪಡೆಯುವ ಕಷ್ಟ ತಗ್ಗಿತು. ಜಾಲಪುಟದಿಂದ ನೇರವಾಗಿ ಸಂಗ್ರಹಿಸಿದಾಗ ತಂತ್ರಾಂಶ ಅದನ್ನು ಭೂಪಟವೆಂದು ಅರಿಯದೆ 'ಜಾಲಪುಟ' ಎಂದು ನಮೂದಿಸಿಬಿಡಬಹುದು. ಜಾತಿಯನ್ನು ನಾವೇ ಬದಲಾಯಿಸಬೇಕು. ಹಳೆಯ ಹಾಳೆಯ ಬಿಂಬವನ್ನು ಜಾಲದಲ್ಲಿ ನೋಡಿದರೆ ದಿನಾಂಕದ ಕೋಶದಲ್ಲಿ ಮೂಲ ಮುದ್ರಣದ ವರ್ಷವಿರಬೇಕೇ ಹೊರತು ಬಿಂಬವನ್ನು ಜಾಲಕ್ಕೇರಿಸಿದ ವರ್ಷವಲ್ಲ. ಗೂಗಲ್ ಮೊದಲಾದವರ ಚರಭೂಪಟಗಳಿಗೆ ಆವೃತ್ತಿಯೆಂಬುದೇ ಇಲ್ಲ. ಇಂದು ಕಂಡದ್ದು ನಾಳೆ ಮಾರ್ಪಡಬಹುದು. ಅಲ್ಲಿ ನೋಡಿದ ದಿನವೊಂದೇ ಆಸರೆ.

'ಸಾಹಿತ್ಯದ ವಿದ್ಯಾರ್ಥಿಗೆ ಇಷ್ಟೆಲ್ಲ ಏತಕ್ಕೆ? ನಕ್ಷೆ ಬರಿಯ ಅಲಂಕಾರವಲ್ಲವೆ?' ಎಂದು ಕೆಲವು ಮಾರ್ಗದರ್ಶಕರು ಕೇಳುವುದುಂಟು. ಅಲಂಕಾರವಾದರೆ ಅದನ್ನು ಪ್ರಬಂಧದಿಂದ ತೆಗೆದುಹಾಕುವುದೇ ಒಳ್ಳೆಯದು. ಉಳಿಸಿಕೊಂಡರೆ ಅದು ಪ್ರಮಾಣವಚನವಾಗುತ್ತದೆ; ಪ್ರಮಾಣಕ್ಕೆ ಆಕರ ಬೇಕು. ಕಲ್ಯಾಣದಿಂದ ಉಳವಿಯ ಕಡೆಗೆ ಶರಣರು ನಡೆದರೆಂದು ಹೇಳುವ ದಾರಿಯನ್ನು ಒಬ್ಬ ವಿದ್ವಾಂಸ ಗೆರೆಯೆಳೆದು ತೋರಿಸಿದಾಗ, ಆ ಗೆರೆ ಯಾವ ಹಾಳೆಯ ಯಾವ ಹಳ್ಳವನ್ನು ದಾಟಿತು ಎಂದು ಮುಂದಿನವನು ಕೇಳಲು ಹಕ್ಕುಳ್ಳವನು. ಹೆಸರಿಲ್ಲದ ಹಾಳೆಯಿಂದ ತೆಗೆದ ಗೆರೆಯನ್ನು ಒಪ್ಪುವುದೂ ನಿರಾಕರಿಸುವುದೂ ಎರಡೂ ಬರಿಯ ಅಭಿಮಾನದ ಮಾತಾಗುತ್ತದೆ. ಸ್ಥಳನಿರ್ಣಯದ ನಮ್ಮ ಎಷ್ಟೋ ವಾದಗಳು ಇತ್ಯರ್ಥವಾಗದೆ ಉಳಿದಿರುವುದಕ್ಕೆ ಇದೂ ಒಂದು ಕಾರಣವೆಂದು ತೋರುತ್ತದೆ.

ಕಡೆಯದಾಗಿ, ಪ್ರಬಂಧಕಾರನೇ ಬರೆದ ನಕ್ಷೆಯನ್ನು ಕುರಿತು. ಅದನ್ನು ಆಕರಸೂಚಿಯಲ್ಲಿ ಸೇರಿಸುವ ಅವಶ್ಯಕತೆಯಿಲ್ಲ. ಅದು ಪ್ರಬಂಧದ ಭಾಗವೇ. ಆದರೆ ಯಾವ ಹಾಳೆಗಳನ್ನು ಆಧರಿಸಿ ಅದನ್ನು ಬರೆದನೊ ಆ ಹಾಳೆಗಳೆಲ್ಲವೂ ಸೂಚಿಯಲ್ಲಿ ಒಂದೊಂದು ಪ್ರತ್ಯೇಕ ನಮೂದಾಗಿ ಬರಬೇಕು. ನಕ್ಷೆಯ ಕೆಳಗೆ 'ಲೇಖಕನ ರಚನೆ' ಎಂಬುದರ ಜೊತೆಗೆ ಆಧಾರಹಾಳೆಗಳ ಸಂಖ್ಯೆಯೂ ಪ್ರಮಾಣವೂ ಮೋಜಣಿಯ ವರ್ಷವೂ ಇರಬೇಕು. ಬಾಗೇವಾಡಿಯಿಂದ ಕಲ್ಯಾಣದವರೆಗಿನ ನಕ್ಷೆಯಾದರೆ ಹಾಳೆಗಳು ಹಲವಾಗುತ್ತವೆ, ಅವುಗಳ ಮೋಜಣಿಯ ವರ್ಷಗಳೂ ಒಂದೇ ಆಗಿರುವುದಿಲ್ಲ. ಅಂಥಲ್ಲಿ ಒಂದು ಹಾಳೆಯ ಕೆರೆಗೂ ಪಕ್ಕದ ಹಾಳೆಯ ಕೆರೆಗೂ ನಡುವೆ ಹತ್ತಾರು ವರ್ಷಗಳ ಅಂತರವಿರಬಹುದೆಂಬುದನ್ನು ನಕ್ಷೆಯ ಕೆಳಗೆಯೇ ಒಂದು ಸಾಲಿನಲ್ಲಿ ತಿಳಿಸುವುದು ಉಚಿತ.